ಸ್ವರ್ಗದಾಸೆಗೆ ಮಾಡಿದ ಒಳ್ಳೆಯದು ಸ್ವಾರ್ಥವೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಿಮ್ಮ ತಾಯಿಯವರು ಸೋಮವಾರಗಳಂದು ನಂಜನಗೂಡಿಗೆ ಹೋಗಿ ಅನ್ನದಾನಕ್ಕೆ ಹಣ ಕಟ್ಟಿ ಬರುತ್ತಾರೆ. ಕೇಳಿದರೆ "ನಾಳೆ ಮೇಲೆ ಹೋದಾಗ ಬೇಕಲ್ಲ" ಎನ್ನುತ್ತಾರೆ. ಸ್ವರ್ಗ ಸಿಗಲಿ ಎಂದೋ ನರಕ ತಪ್ಪಲಿ ಎಂದೋ ಮಾಡುವುದು ಶುದ್ಧ ಸ್ವಾರ್ಥ ಎಂದು ನೀವು ಹೇಳಿದಿರಿ, ಅವರು ಮುನಿಸಿಕೊಂಡರು. ಏನನ್ನೂ ನಿರೀಕ್ಷಿಸದ ನಾಸ್ತಿಕನ ಒಳ್ಳೆಯತನವೇ ಇದಕ್ಕಿಂತ ಮೇಲಲ್ಲವೇ ಎಂದು ಕೊನೆಯಲ್ಲಿ ಕೇಳಿದ್ದೀರಿ.

ಸ್ವಾರ್ಥ ಹೌದು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನಿಮ್ಮ ತಾಯಿಯವರೂ ಮುಚ್ಚಿಟ್ಟಿಲ್ಲ. ಆದರೆ ನನಗೂ ಒಳ್ಳೆಯದಾಗಲಿ ಎಂದು ಬಯಸುವವನು ಬೇರೆ, ನನಗೆ ಒಳ್ಳೆಯದಾದರೆ ಸಾಕು, ಎದುರಿಗಿರುವವನು ಏನಾದರೂ ಆಗಲಿ ಎನ್ನುವವನು ಬೇರೆ. ತಪ್ಪು ಹುಡುಕಬೇಕಾದದ್ದು ಎರಡನೆಯವನಲ್ಲಿ.

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಲೆಕ್ಕ ಬರೆದು ಸಂಸಾರ ಸಾಗಿಸಿದವನು ನಾನು. ಲೆಕ್ಕ ಇಡುವವರ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಾದವನ್ನು ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ 1785ರಲ್ಲಿ ಅಂಗಡಿಯವನೊಬ್ಬನ ಉದಾಹರಣೆ ಕೊಟ್ಟು ಮಂಡಿಸಿದ್ದ. ಚಿಕ್ಕ ಮಗು ಬಂದರೂ ಈ ಅಂಗಡಿಯವನು ಹೆಚ್ಚು ಬೆಲೆ ಹೇಳುವುದಿಲ್ಲ. ಆದರೆ ಅದು ವ್ಯಾಪಾರ ಕೆಡದಿರಲಿ ಎಂದು. ಕೆಲಸ ಕರ್ತವ್ಯಕ್ಕೆ ಒಪ್ಪುವಂತಿದೆ, ಕರ್ತವ್ಯವೆಂದು ಮಾಡಿದ್ದಲ್ಲ ಎಂಬುದು ಕಾಂಟನ ತೀರ್ಪು. ವಾದ ಸರಿಯೇ. ಮಂಡಿಯಲ್ಲಿ ಕುಳಿತವನಿಗೆ ಮಾತ್ರ ಮೊದಲು ಹೊಳೆಯುವುದು, ಸದ್ಯ, ಆ ಮಗುವಿಗೆ ಮೋಸವಾಗಲಿಲ್ಲವಲ್ಲ ಎಂದು.

ನಮ್ಮ ಹಿಂದಿನವರು ಸ್ವರ್ಗ ನರಕಗಳನ್ನು ಯಾವ ಕೆಲಸಕ್ಕೆ ಬಳಸಿದರು ಎಂದು ತಿಳಿಯಬೇಕಾದರೆ ಶಾಸನಗಳನ್ನು ಓದಬೇಕು. ನಮ್ಮ ಜಿಲ್ಲೆಯಲ್ಲಿ ದೇವಸ್ಥಾನದ ಅಂಗಳ, ಕೆರೆ ಏರಿ, ಗದ್ದೆಯ ಬದು, ಎಲ್ಲೆಂದರಲ್ಲಿ ನಿಂತಿವೆ. ಮಂಡ್ಯ ಇನ್ನೂ ಮೈಸೂರು ಜಿಲ್ಲೆಯ ಭಾಗವಾಗಿದ್ದಾಗಲೇ ಶಾಸನತಜ್ಞ ಬಿ.ಎಲ್. ರೈಸ್ ಇವುಗಳಲ್ಲಿ ಬಹಳಷ್ಟನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕೆರೆಗೆ, ಅರವಟ್ಟಿಗೆಗೆ, ದೇವರ ದೀಪಕ್ಕೆ ಇಷ್ಟು ಭೂಮಿ ಬಿಟ್ಟಿದ್ದೇವೆ ಎಂದು ಬರೆದ ಮೇಲೆ ಕಡೆಯಲ್ಲಿ ಒಂದು ಶಾಪ ಇರುತ್ತದೆ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇಲ್ಲವೇ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಕಂದು ಹಸುವನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿರುವುದು ಇನ್ನೂ ಸ್ವಾರಸ್ಯ. ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಮಣಲೇರನೆಂಬ ವೀರ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದು ಕೊರೆಸಿದ್ದಾರೆ. ನಾಯಿ ಅದೇನು ಪಾಪ ಮಾಡಿತ್ತೋ, ಪಾಪ!

ಮೂಢನಂಬಿಕೆ ಎಂದು ಪಕ್ಕಕ್ಕೆ ತಳ್ಳುವುದು ಸುಲಭ. ಆದರೆ ದಾನ ಕೊಟ್ಟವನ ಕಷ್ಟವನ್ನು ಯೋಚಿಸಿ. ಅವನು ಸಾಯುತ್ತಾನೆ, ಅರಸು ಮನೆತನ ಬದಲಾಗುತ್ತದೆ. ಕೆರೆಯ ಹೂಳು ತೆಗೆಸಲೆಂದು ಬಿಟ್ಟ ಭೂಮಿಯ ಮೇಲೆ ಮುಂದೆ ಬರುವ ಯಾವನೋ ಅಧಿಕಾರಿ ಕಣ್ಣು ಹಾಕುತ್ತಾನೆ. ಇಂದಿನ ಅರಸನ ದಂಡ ಅಲ್ಲಿಯವರೆಗೆ ಎಟುಕುವುದಿಲ್ಲ. ತಲೆಮಾರುಗಟ್ಟಲೆ ನಿದ್ದೆ ಮಾಡದ ಕಾವಲುಗಾರ ಬೇಕು. ಆ ಕಾವಲಿಗೆ ನರಕವನ್ನು ನಿಲ್ಲಿಸಿದರು. ಅದೇ ಶಾಸನಗಳಲ್ಲಿ ಇನ್ನೊಂದು ಶ್ಲೋಕವೂ ಪದೇಪದೇ ಬರುತ್ತದೆ. ದಾನ ಮಾಡುವುದಕ್ಕಿಂತ ಇನ್ನೊಬ್ಬರು ಮಾಡಿದ ದಾನವನ್ನು ಕಾಪಾಡುವುದು ಮೇಲು. ದಾನದಿಂದ ಸ್ವರ್ಗ, ಪಾಲನೆಯಿಂದ ಅಚ್ಯುತಪದ, ಎಂದರೆ ಎಂದೂ ಜಾರದ ಪದವಿ. ಅಂದರೆ ಕೆರೆ ಕಟ್ಟಿಸಿದವನಿಗಿಂತ ಅದರ ಹೂಳು ತೆಗೆಸಿಕೊಂಡು ಬಂದವನಿಗೆ ಮೇಲಿನ ಜಾಗ! ಉದ್ಘಾಟನೆಗೆ ಸಿಗುವ ಹಾರ ತುರಾಯಿ ದುರಸ್ತಿಗೆ ಸಿಗದ ಈ ಕಾಲದಲ್ಲಿ ಇದನ್ನು ಓದಿದರೆ, ಆ ಬಹುಮಾನದ ಪಟ್ಟಿ ತಯಾರಿಸಿದವನಿಗೆ ಊರಿನ ಪಾಡು ಚೆನ್ನಾಗಿಯೇ ಗೊತ್ತಿತ್ತು ಎನಿಸುತ್ತದೆ.

ವೀರಗಲ್ಲುಗಳದೂ ಇದೇ ಜಾಡು. ಕೆಳಗೆ ತುರುಗಳ್ಳರೊಡನೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಊರಿನ ದನ ಬಿಡಿಸಲು ಹೋಗಿ ಸತ್ತವನ ಕಣ್ಣಿನಲ್ಲಿ ಆ ಹೊತ್ತು ಅಪ್ಸರೆ ಇದ್ದಳೋ ದನವಿತ್ತೋ ಯಾರು ಬಲ್ಲರು? ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಕೊಟ್ಟದ್ದಂತೂ ಉಂಟು. ಉಳಿದವರು ಎಲ್ಲವನ್ನೂ ಸ್ವರ್ಗದ ಮೇಲೆ ಹಾಕಿ ಕೈತೊಳೆದುಕೊಳ್ಳಲಿಲ್ಲ.

ಇನ್ನು ನಿಮ್ಮ ಕಡೆಯ ಮಾತು. ಅದೂ ನಮ್ಮಲ್ಲಿ ಹಳೆಯದೇ. ವನಪರ್ವದಲ್ಲಿ ದ್ರೌಪದಿ ಧರ್ಮರಾಯನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ: ಧರ್ಮವನ್ನು ಕಾಪಾಡಿದವನನ್ನು ಧರ್ಮ ಕಾಪಾಡುತ್ತದೆ ಎಂದು ಕೇಳಿದ್ದೆ, ನಿಮ್ಮನ್ನು ಕಾಪಾಡಿದ್ದು ಕಾಣೆನಲ್ಲ. ಫಲ ಹುಡುಕಿಕೊಂಡು ನಾನು ಧರ್ಮ ಮಾಡುವವನಲ್ಲ, ಕೊಡಬೇಕಾದದ್ದು ಎಂದು ಕೊಡುತ್ತೇನೆ ಎನ್ನುವುದು ಅವನ ಉತ್ತರ. ಧರ್ಮದಲ್ಲಿ ವ್ಯಾಪಾರ ಮಾಡುವವನನ್ನು ಅವನು 'ಧರ್ಮವಾಣಿಜ್ಯಕ' ಎಂದು ಕರೆದು, ಧರ್ಮದ ಮಾತಾಡುವವರಲ್ಲೆಲ್ಲ ಕೀಳು ಎನ್ನುತ್ತಾನೆ. ಗೀತೆಯ ಒಂಬತ್ತನೆಯ ಅಧ್ಯಾಯವಂತೂ, ಸ್ವರ್ಗ ಸೇರಿದವರು ಪುಣ್ಯ ಖರ್ಚಾದ ಮೇಲೆ ಮತ್ತೆ ಇಲ್ಲಿಗೇ ಬರುತ್ತಾರೆ ಎಂದು ಆಸೆಗೇ ತಣ್ಣೀರು ಎರಚುತ್ತದೆ. ಬಸವಣ್ಣನವರು ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದು ಎರಡನ್ನೂ ನೆಲಕ್ಕೆ ಇಳಿಸಿಬಿಟ್ಟರು.

ನನ್ನ ತಕರಾರು ಬೇರೆ ಕಡೆ ಇದೆ. ಮಂಡಿಯ ಪುಸ್ತಕದಲ್ಲಿ ಒಬ್ಬೊಬ್ಬ ರೈತನಿಗೂ ಒಂದೊಂದು ಪುಟ. ಒಬ್ಬನಿಗೆ ಕೊಡಬೇಕಾದ ಬಾಕಿಯನ್ನು ಇನ್ನೊಬ್ಬನ ಪುಟದಲ್ಲಿ ಜಮಾ ಮಾಡಿ ಸರಿಹೋಯಿತು ಎಂದರೆ, ಮೊದಲನೆಯವನು ಬಂದು ಮಂಡಿಯ ಬಾಗಿಲಲ್ಲಿ ಕೂರುತ್ತಾನೆ. ಪುಣ್ಯದ ಪುಸ್ತಕದಲ್ಲಿ ಈ ಕೈಚಳಕ ಹಾಡಹಗಲೇ ನಡೆಯುತ್ತದೆ. ತೂಕದಲ್ಲಿ ಹೊಡೆದದ್ದು ರೈತನಿಂದ, ಕಾಣಿಕೆ ಹುಂಡಿಗೆ. ತಮ್ಮನ ಪಾಲಿನ ಗದ್ದೆ ನುಂಗಿದವನು ಕಾಶಿಗೆ ಹೋಗಿ ಬರುತ್ತಾನೆ, ತಮ್ಮ ಕೂಲಿಗೆ ಹೋಗಿ ಬರುತ್ತಾನೆ. ಅಣ್ಣನಿಗೆ ನರಕದ ಭಯವಿಲ್ಲವೆಂದಲ್ಲ, ನಿಜವಾಗಿಯೂ ಇದೆ. ಅದಕ್ಕೇ ಕಾಶಿಗೆ ಹೋದದ್ದು. ಭಯ ತೀರಿತು, ಗದ್ದೆ ಮಾತ್ರ ತಮ್ಮನಿಗೆ ಬರಲಿಲ್ಲ. ಈ ಕಳ್ಳದಾರಿ ಧರ್ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಬಲಿಪೀಠದ ಮುಂದೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸರಿಮಾಡಿಕೊ ಎಂದು ಯೇಸು ಹೇಳುತ್ತಾನೆ. ಮನುಷ್ಯರ ಹಕ್ಕನ್ನು ಕಿತ್ತುಕೊಂಡಿದ್ದರೆ ಅವರ ಲೆಕ್ಕ ತೀರಿಸದೆ, ಅವರ ಕ್ಷಮೆ ಪಡೆಯದೆ ಬರಿಯ ಪ್ರಾರ್ಥನೆ ಸಾಲದು ಎಂದು ಇಸ್ಲಾಂ ಹೇಳುತ್ತದೆ. ನನ್ನ ಮಟ್ಟಿಗೆ ನಿಜವಾದ ಸ್ವಾರ್ಥ ಇರುವುದು ಈ ಅಣ್ಣನಲ್ಲಿ, ಕೆರೆ ಕಟ್ಟಿಸಿ ಸ್ವರ್ಗ ಬಯಸಿದವನಲ್ಲಿ ಅಲ್ಲ.

ಇನ್ನೊಂದು ಗುರುತು ಕೊಟ್ಟ ವಸ್ತುವಿನಲ್ಲೇ ಇರುತ್ತದೆ. ರಾಮನವಮಿಯಂದು ನಮ್ಮ ರಸ್ತೆಯಲ್ಲಿ ಎರಡು ಕಡೆ ಚಪ್ಪರ ಏಳುತ್ತದೆ. ಒಂದರ ಹಿಂದೆ ದಾನಿಗಳ ಭಾವಚಿತ್ರಗಳಿರುವ ದೊಡ್ಡ ಫ್ಲೆಕ್ಸ್. ಮಜ್ಜಿಗೆ ಎಂಬುದು ಬೆಳ್ಳಗಿನ ನೀರು. ಇನ್ನೊಂದು ನನ್ನ ಸೋದರಮಾವನದು. ಹಿಂದಿನ ರಾತ್ರಿಯೇ ಹಾಲಿಗೆ ಹೆಪ್ಪು ಹಾಕಿಸಿ, ಬೆಳಗ್ಗೆ ಕಡೆಸಿ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿ ಹಾಕಿ, ಅಂಗೈಗೆ ಬಿಟ್ಟುಕೊಂಡು ಉಪ್ಪು ನೋಡಿದ ಮೇಲೆಯೇ ಲೋಟಕ್ಕೆ ಸುರಿಯುತ್ತಾರೆ. ಪಾನಕಕ್ಕೆ ಹೊಸ ಅಚ್ಚು ಬೆಲ್ಲವೇ ಆಗಬೇಕು. ಮಂಡಿಯಲ್ಲಿ ಉಳಿದ ಹಳೆಯ ಬೆಲ್ಲ ಕೊಟ್ಟರೆ ಮುಖಕ್ಕೆ ಹಿಡಿದು ವಾಪಸ್ ಕೊಡುತ್ತಾರೆ.

"ಬಿಟ್ಟಿ ಕೊಡುವುದಕ್ಕೆ ಇಷ್ಟೆಲ್ಲ ಏಕೆ ಮಾವ?" ಎಂದರೆ, "ಪುಣ್ಯ ಬರಬೇಕಲ್ಲಪ್ಪ, ಅವನೇನು ಕುರುಡನೇ?" ಎಂದು ಮೇಲೆ ಕೈ ತೋರಿಸುತ್ತಾರೆ.

ನಿಮ್ಮ ಅಳತೆಯಲ್ಲಿ ಶುದ್ಧ ಸ್ವಾರ್ಥ. ಬಿಸಿಲಿನಲ್ಲಿ ಬಂದ ಆಟೋದವರು ಮಾತ್ರ ಎರಡನೆಯ ಲೋಟಕ್ಕೆ ಇವರ ಮುಂದೆಯೇ ನಿಲ್ಲುತ್ತಾರೆ. ಮಾವನ ದೇವರು ಲೋಟ ಎಣಿಸುವುದಿಲ್ಲ, ರುಚಿ ನೋಡುತ್ತಾನೆ. ಎಣಿಸುವ ದೇವರನ್ನು ನಂಬಿಕೊಂಡರೆ ಮಜ್ಜಿಗೆ ನೀರಾಗುತ್ತದೆ. ಪಂಚಾಂಗ ನೋಡುವ ದೇವರಾದರೆ, ಆಷಾಢ ಶುಕ್ರವಾರ ಚಾಮುಂಡಿಬೆಟ್ಟದಲ್ಲಿ ಉಂಡವರ ಕೈಗೇ ಮತ್ತೆ ಮತ್ತೆ ದೊನ್ನೆ ಬರುತ್ತದೆ. ಅದೇ ಮೈಸೂರಿನ ದೊಡ್ಡಾಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ಯಾವ ವಿಶೇಷವೂ ಇಲ್ಲದ ಮಂಗಳವಾರದಲ್ಲಿ ಹಸಿದು ಕುಳಿತಿರುತ್ತಾರೆ.

ಲೆಕ್ಕದ ಪುಸ್ತಕವನ್ನೇ ಹರಿದು ಹಾಕಿದವರೂ ಇದ್ದಾರೆ. ನಮ್ಮ ಮೇಲುಕೋಟೆಯಲ್ಲಿ ಬಂದು ನೆಲೆಸಿದ್ದ ರಾಮಾನುಜಾಚಾರ್ಯರ ಬಗ್ಗೆ ಶ್ರೀವೈಷ್ಣವರು ಹೇಳುವ ಕಥೆ ನಿಮಗೆ ಗೊತ್ತಿರಬಹುದು. ತಿರುಕೋಷ್ಟಿಯೂರಿನ ಗುರುಗಳು ಮಂತ್ರ ಉಪದೇಶಿಸಿ, ಯಾರಿಗಾದರೂ ಹೇಳಿದರೆ ನರಕವೇ ಗತಿ ಎಂದರಂತೆ. ರಾಮಾನುಜರು ನೇರವಾಗಿ ದೇವಸ್ಥಾನದ ಮೇಲೆ ಹತ್ತಿ ಊರಿಗೆಲ್ಲ ಕೇಳುವಂತೆ ಕೂಗಿದರು. ನಾನೊಬ್ಬ ನರಕಕ್ಕೆ ಹೋಗಿ ಇಷ್ಟು ಜನ ಉದ್ಧಾರವಾಗುವುದಾದರೆ ಆಗಲಿ ಎಂಬುದು ಅವರ ಸಮಜಾಯಿಷಿ. ಸ್ವರ್ಗಾರೋಹಣಪರ್ವದಲ್ಲಿ ಧರ್ಮರಾಯನಿಗೆ ಸ್ವರ್ಗದಲ್ಲಿ ದುರ್ಯೋಧನ ಕಾಣುತ್ತಾನೆ, ನರಕದಲ್ಲಿ ತಮ್ಮಂದಿರ ಕೂಗು ಕೇಳುತ್ತದೆ. ನಾನು ಇಲ್ಲೇ ಇರುತ್ತೇನೆ ಎಂದು ನರಕದಲ್ಲೇ ನಿಲ್ಲುತ್ತಾನೆ. (ಕುಮಾರವ್ಯಾಸ ಗದಾಪರ್ವಕ್ಕೇ ಮುಗಿಸಿದ್ದರಿಂದ ಗಮಕ ಕೇಳಿ ಬೆಳೆದವರಿಗೆ ಈ ಭಾಗ ಅಷ್ಟಾಗಿ ಪರಿಚಯವಿರುವುದಿಲ್ಲ.) ಎಂಟನೆಯ ಶತಮಾನದ ಬಸ್ರಾದ ಸೂಫಿ ಸಾಧಕಿ ರಾಬಿಯಾ ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದು ಹೊರಟಳಂತೆ, ಸ್ವರ್ಗವನ್ನು ಸುಟ್ಟು ನರಕವನ್ನು ಆರಿಸಲು.

ಇವರೆಲ್ಲ ನಂಬಿಕೆಯುಳ್ಳವರು ಎಂಬುದನ್ನು ಗಮನಿಸಿ. ನರಕ ನಿಜ ಎಂದುಕೊಂಡೇ ಅದಕ್ಕೆ ಎದೆಗೊಟ್ಟವರು. ನಾಸ್ತಿಕನ ವಿಷಯದಲ್ಲಿ ನಿಮ್ಮ ವಾದ ಎಡವುವುದು ಇಲ್ಲಿಯೇ. ಇಲ್ಲವೇ ಇಲ್ಲ ಎಂದುಕೊಂಡ ಸ್ವರ್ಗವನ್ನು ಬಿಟ್ಟುಕೊಡುವುದರಲ್ಲಿ ಅವನಿಗೆ ನಷ್ಟವೇನು? ಅವನ ಆಸೆಗೂ ಬೇರೆ ವಿಳಾಸಗಳಿವೆ: ಹೆಸರು, ಮೆಚ್ಚುಗೆ, ನಾನು ಒಳ್ಳೆಯವನು ಎಂಬ ಒಳಗಿನ ಸುಖ. ಹಾಗೆಂದು ಅವನು ಕಡಿಮೆಯವನೂ ಅಲ್ಲ. ನಮ್ಮ ಮಂಡಿಯಲ್ಲಿ ತೂಕ ಹಾಕುತ್ತಿದ್ದವನು ದೇವರ ಪಟಕ್ಕೆ ಕೈಮುಗಿದದ್ದನ್ನು ಯಾರೂ ಕಂಡಿಲ್ಲ, ರೈತರು ಅವನ ತಕ್ಕಡಿಗೇ ಕಾಯುತ್ತಿದ್ದರು. ಅವನನ್ನೂ ಮಾವನನ್ನೂ ಒಂದೇ ಸಾಲಿನಲ್ಲಿ ಕೂರಿಸಲು ನನಗೆ ಏನೂ ಕಷ್ಟವಿಲ್ಲ.

ನಿಮ್ಮ ತಾಯಿಯವರು ಯಾರದಾದರೂ ಬಾಕಿ ಇಟ್ಟುಕೊಂಡು ನಂಜನಗೂಡಿಗೆ ಕಟ್ಟುತ್ತಿದ್ದಾರೆಯೇ? ಇಲ್ಲ ತಾನೇ? ಅಲ್ಲಿ ಕುಳಿತು ಉಂಡವರ ಹೊಟ್ಟೆ ತುಂಬುತ್ತಿದೆಯಲ್ಲವೇ? ಹಾಗಾದರೆ ಮೇಲಿನ ಲೋಕದ ಆಸೆ ಅವರಿಗಿರಲಿ ಬಿಡಿ. ಮುಂದಿನ ಸೋಮವಾರ ನೀವೂ ಜೊತೆಯಲ್ಲಿ ಹೋಗಿ. ಮೈಸೂರಿನಿಂದ ಬಸ್ಸೂ ಇದೆ, ರೈಲೂ ಇದೆ. ದಾರಿಯಲ್ಲಿ "ನಿನಗೂ ಅರ್ಧ ಪುಣ್ಯ ಬರಲಿ" ಎಂದರೆ ಬೇಡ ಎನ್ನಬೇಡಿ, ಇನ್ನೊಂದು ಸುತ್ತು ಮುನಿಸಿಕೊಂಡಾರು.