ಜಿಂಕೆ ಮಾಂಸ ಗಡುಸಾಗಿ, ಕಮಟಾಗಿ ಬಂದದ್ದೇಕೆ?

ಪರವಾನಗಿ ಪಡೆದು ಬೇಟೆಯಾಡಿದ ಜಿಂಕೆಯನ್ನು ಅದೇ ರಾತ್ರಿ ಮನೆಯಲ್ಲಿ ಕತ್ತರಿಸಿ ಫ್ರೀಜರಿನಲ್ಲಿಟ್ಟರೂ ಮಾಂಸ ಗಡುಸಾಗಿ, ಕಮಟಾಗಿ ಬಂದದ್ದೇಕೆ ಎಂದು ತಾವು ಕೇಳಿದ್ದೀರಿ. ಗಡುಸಿಗೆ ಆ ಅವಸರವೇ ಕಾರಣವೆಂದು ನನ್ನ ಅಭಿಪ್ರಾಯ. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಬಿಗಿತ ಸಡಿಲಗೊಳ್ಳುವ ಮೊದಲೇ ಮಾಂಸವನ್ನು ಮೂಳೆಯಿಂದ ಬಿಡಿಸಿ ಹೆಪ್ಪುಗಟ್ಟಿಸಿದರೆ ಸ್ನಾಯುಗಳು ಕುಗ್ಗಿ ಗಟ್ಟಿಯಾಗುತ್ತವೆ. ಇನ್ನು ಮುಂದೆ ಕರುಳುಗಳನ್ನು ತಕ್ಷಣ ತೆಗೆದು, ಒಳಭಾಗವನ್ನು ಒರೆಸಿ ಒಣಗಿಸಿ, ದೇಹವನ್ನು 0ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕನಿಷ್ಠ ಒಂದೆರಡು ದಿನ ತೂಗುಹಾಕಿ. ಅಂತಹ ಜಾಗವಿಲ್ಲದಿದ್ದರೆ ಕಾಲುಗಳನ್ನು ಮೂಳೆಸಹಿತ ಬೇರ್ಪಡಿಸಿ ಫ್ರಿಜ್ಜಿನಲ್ಲಿಡಬಹುದು. ಬೆಚ್ಚಗಿನ ಕೋಣೆಯಲ್ಲಿ ತೂಗುಹಾಕುವುದು ಮಾತ್ರ ಸರ್ವಥಾ ಬೇಡ.

ಕಮಟಿನ ಮೂಲ ಬಹುಪಾಲು ಕೊಬ್ಬಿನಲ್ಲಿದೆ. ಜಿಂಕೆಯ ಕೊಬ್ಬು ಬಾಯಲ್ಲಿ ಮೇಣದಂತೆ ಅಂಟುವುದರಿಂದ ಅದನ್ನು ರುಚಿಗೆಂದು ಉಳಿಸಿಕೊಳ್ಳದೆ ಸಾಧ್ಯವಾದಷ್ಟೂ ಕೆತ್ತಿ ತೆಗೆಯಿರಿ. ಸ್ನಾಯುಗಳನ್ನು ಆವರಿಸಿರುವ ಬೆಳ್ಳಿಬಣ್ಣದ ಪೊರೆಯನ್ನೂ ತೆಗೆಯಬೇಕು; ಅದರ ಕೆಳಗೆ ತೆಳುವಾದ, ಬಾಗುವ ಅಲಗಿನ ಚಾಕುವನ್ನು ತೂರಿಸಿ, ಅಲಗನ್ನು ಪೊರೆಯ ಕಡೆಗೇ ತುಸು ವಾಲಿಸಿ ಎಳೆದರೆ ಮಾಂಸ ವ್ಯರ್ಥವಾಗುವುದಿಲ್ಲ. ಇದು ನಿಧಾನದ ಕೆಲಸ, ಆದರೆ ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದೂ ಇದೇ. ತೊಡೆಗೆ ಗರಗಸ ಬೇಕಿಲ್ಲ, ಸ್ನಾಯುಗಳ ನಡುವಿನ ಸಹಜ ಸಂದುಗಳನ್ನು ಬೆರಳಿನಿಂದ ಹುಡುಕಿ ಬಿಡಿಸಿದರೆ ಒಂದೊಂದು ತುಂಡೂ ಇಡಿಯಾಗಿ ಬರುತ್ತದೆ. ಮಿದುಳು ಮತ್ತು ಬೆನ್ನುಹುರಿಗೆ ಚಾಕು ತಾಗಿಸದಿರುವುದು, ಆ ಭಾಗಗಳಲ್ಲಿ ಹೆಚ್ಚಾಗಿ ಸೇರಿಕೊಳ್ಳುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬಂದು ಜಿಂಕೆಗಳನ್ನು ಕೃಶಗೊಳಿಸಿ ಕೊಲ್ಲುವ ರೋಗದ ದೃಷ್ಟಿಯಿಂದಲೂ ಒಳ್ಳೆಯದು. ಕೊನೆಯಲ್ಲಿ ಗಾಳಿ ಸೇರದಂತೆ ಬಿಗಿಯಾಗಿ ಸುತ್ತಿ, ಮೈನಸ್ 18 ಡಿಗ್ರಿಯಲ್ಲಿಡಿ.