ಮಾಲ್ಡನ್ ನಕ್ಷೆ: ಸೇತುವೆ ಅಳಿಸಿ, ಏರಿ ಬಿಡಿಸಿ
ಇಂಗ್ಲೆಂಡಿನ ಮಾಲ್ಡನ್ ಕದನದಲ್ಲಿ ಮೂರೇ ಜನ ಇಂಗ್ಲಿಷರು ಸೇತುವೆಯ ಮೇಲೆ ಇಡೀ ವೈಕಿಂಗ್ ದಂಡನ್ನು ತಡೆದದ್ದು ನಿಮ್ಮ ನಕ್ಷೆಯಲ್ಲಿ ಹೊಂದುತ್ತಿಲ್ಲ ಎಂದಿರಿ. ಅದಕ್ಕೆ ಬಹುಶಃ ‘ಬ್ರಿಜ್’ ಪದವೇ ಕಾರಣ. ಈ ಕದನದ ಬಗೆಗಿನ ಹಳೆಯ ಇಂಗ್ಲಿಷ್ ಕವನದ ಆ ಪದ ಇಲ್ಲಿ ಸೇತುವೆಯಲ್ಲ; ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಮೇಲೇಳುವ ಇಕ್ಕಟ್ಟಾದ ಏರಿ.

ಮೊದಲು ಬ್ಲ್ಯಾಕ್‌ವಾಟರ್ ಅಳಿವೆಯ ನಾರ್ದಿ ದ್ವೀಪದಲ್ಲಿ ವೈಕಿಂಗರನ್ನಿಡಿ. (ಕವನದಲ್ಲಿ ದ್ವೀಪದ ಹೆಸರಿಲ್ಲ, ವಿದ್ವಾಂಸರ ಒಲವು ಅಲ್ಲಿಗೇ.) ಏರಿಯ ದಡದ ತುದಿಗೆ ಆ ಮೂವರು: ವುಲ್ಫ್‌ಸ್ಟಾನ್, ಆಲ್ಫ್‌ಹೆರೆ, ಮಕ್ಕಸ್. ಅಕ್ಕಪಕ್ಕ ಕೆಸರು, ಹಾಗಾಗಿ ಸುತ್ತಿ ಬರಲು ದಾರಿಯಿಲ್ಲ.

ಎರಡನೇ ನಕ್ಷೆ ಬೇರೆಯೇ ಬೇಕು: ಇಂಗ್ಲಿಷ್ ಪಡೆಯ ನಾಯಕ ಬಿರ್ಹ್ಟ್‌ನೋತ್ ವೈಕಿಂಗರಿಗೆ ದಾಟಲು ದಾರಿ ಬಿಟ್ಟ ಮೇಲಿನದು. ಅವನನ್ನು ಕುದುರೆ ಮೇಲೆ ತೋರಿಸಬೇಡಿ. ಇಳಿದು ಗುರಾಣಿ ಸಾಲಿನಲ್ಲಿ ನಿಂತಿದ್ದ. ಅವನು ಸತ್ತಾಗ ಅವನ ಕಡೆಯವನೇ ಆದ ಗಾಡ್ರಿಕ್ ಒಡೆಯನ ಕುದುರೆ ಏರಿ ಓಡಿದ, ಒಡೆಯನೇ ಓಡಿದನೆಂದುಕೊಂಡು ಸಾಲು ಒಡೆಯಿತು. ದಿನಾಂಕಕ್ಕೆ ‘991 ಆಗಸ್ಟ್ 10 ಅಥವಾ 11’ ಅಂತಲೇ ಬರೆಯಿರಿ.