ಓದುಗರ ಪ್ರಶ್ನೆ: ಪಿಲ್ಟ್‌ಡೌನ್ ಚಿತ್ರವನ್ನು ಶಾಲೆಯ ಗೋಡೆಗೆ ಹಾಕಬಹುದೇ?

ಪ್ರಶ್ನೆ: ಲಂಡನ್ನಿನಲ್ಲಿರುವ ನನ್ನ ಮಗಳು ಊರಿಗೆ ಬಂದಾಗ, ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ, ಕಟ್ಟು ಹಾಕಿಸಿದ ಮುದ್ರಿತ ಚಿತ್ರವೊಂದನ್ನು ತಂದುಕೊಟ್ಟಳು. ಮೇಜಿನ ಸುತ್ತ ಸೇರಿದ ಎಂಟು ಮಂದಿ ಒಂದು ತಲೆಬುರುಡೆಯನ್ನು ಪರೀಕ್ಷಿಸುತ್ತಿದ್ದಾರೆ. ಹಿಂದಿನ ಗೋಡೆಯ ಮೇಲೆ ಡಾರ್ವಿನ್ ಅವರ ಭಾವಚಿತ್ರವಿದೆ. ಕೆಳಗೆ ಪಿಲ್ಟ್‌ಡೌನ್ ಎಂಬ ಹೆಸರಿದೆ. ಇದನ್ನು ನಾನು ಪಾಠ ಮಾಡಿದ ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ಕೊಡೋಣವೆಂದರೆ, ‘ಅದು ಮೋಸದ ಬುರುಡೆಯಂತೆ, ಮಕ್ಕಳು ವಿಕಾಸವಾದವೇ ಸುಳ್ಳೆಂದು ತಿಳಿದಾರು’ ಎಂದು ಅಲ್ಲಿನ ಶಿಕ್ಷಕರೊಬ್ಬರು ಹಿಂಜರಿಯುತ್ತಿದ್ದಾರೆ. ಚಿತ್ರದಲ್ಲಿರುವವರು ಯಾರು? ಅದನ್ನು ಅಲ್ಲಿ ತೂಗುಹಾಕುವುದು ಸರಿಯೇ?
— ನಿವೃತ್ತ ವಿಜ್ಞಾನ ಶಿಕ್ಷಕರು, ಪಾವಗಡ

ಉತ್ತರ: ಮಾನ್ಯರೇ, ಅವಶ್ಯವಾಗಿ ತೂಗುಹಾಕಿಸಿ. ಆದರೆ ಚಿತ್ರವನ್ನು ಮಾತ್ರ ಕೊಟ್ಟು ಬರಬೇಡಿ, ಅದರ ಕಥೆಯನ್ನೂ ಕೊಟ್ಟು ಬನ್ನಿ.

ನಿಮ್ಮ ಮಗಳು ತಂದಿರುವುದು ಜಾನ್ ಕುಕ್ ಎಂಬ ಕಲಾವಿದರು ಬಿಡಿಸಿ, 1915ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ತೈಲಚಿತ್ರದ ಪ್ರತಿ. ಮೂಲ ಚಿತ್ರ ಅಲ್ಲಿನ ಭೂವೈಜ್ಞಾನಿಕ ಸಂಘದ ಬಳಿ ಇದೆ. ಮುಂದಿನ ಸಾಲಿನಲ್ಲಿ ಬಿಳಿಯ ನಿಲುವಂಗಿ ತೊಟ್ಟು ಕುಳಿತವರು ಅಂಗರಚನಾಶಾಸ್ತ್ರಜ್ಞ ಆರ್ಥರ್ ಕೀತ್. ಅವರ ಜೊತೆಗಿರುವವರು ದಂತತಜ್ಞ ಅಂಡರ್‌ವುಡ್, ಪ್ರಾಣಿಶಾಸ್ತ್ರಜ್ಞ ಪೈಕ್ರಾಫ್ಟ್ ಮತ್ತು ರೇ ಲ್ಯಾಂಕೆಸ್ಟರ್. ಹಿಂದಿನ ಸಾಲಿನಲ್ಲಿ ಎಡದಿಂದ ಬಾರ್ಲೋ, ಮೆದುಳಿನ ರಚನೆಯ ತಜ್ಞ ಎಲಿಯಟ್ ಸ್ಮಿತ್, ಚಾರ್ಲ್ಸ್ ಡಾಸನ್ ಮತ್ತು ಬ್ರಿಟಿಷ್ ಮ್ಯೂಸಿಯಂನ ಭೂವಿಜ್ಞಾನ ವಿಭಾಗದ ಮುಖ್ಯಸ್ಥ ಆರ್ಥರ್ ಸ್ಮಿತ್ ವುಡ್‌ವರ್ಡ್ ಇದ್ದಾರೆ.

ಇವರಲ್ಲಿ ಡಾಸನ್ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವಕೀಲರು, ಹವ್ಯಾಸಿ ಸಂಗ್ರಾಹಕರು. ಪಿಲ್ಟ್‌ಡೌನ್ ಹಳ್ಳಿಯ ಗರಸಿನ ಗುಂಡಿಯೊಂದರಲ್ಲಿ ಸಿಕ್ಕವೆಂದು ಹೇಳಿ ಅವರು ತಂದ ಬುರುಡೆಯ ಚೂರುಗಳನ್ನೂ ಅರ್ಧ ಕೆಳದವಡೆಯನ್ನೂ 1912ರ ಡಿಸೆಂಬರ್ 18ರಂದು ಇದೇ ಸಂಘದ ಸಭೆಯ ಮುಂದಿಡಲಾಯಿತು. ಸ್ಮಿತ್ ವುಡ್‌ವರ್ಡ್ ಅದನ್ನು ಹೊಸ ಕುಲವೆಂದೇ ಸಾರಿ, ಡಾಸನ್ ಹೆಸರು ಸೇರಿಸಿ ‘ಇಯೋಆಂತ್ರೋಪಸ್ ಡಾಸನಿ’ (ಡಾಸನ್ ಅವರ ಉದಯಮಾನವ) ಎಂದು ನಾಮಕರಣ ಮಾಡಿದರು. ದೊಡ್ಡ ಮೆದುಳು, ವಾನರನ ದವಡೆ. ಮನುಷ್ಯನಲ್ಲಿ ಮೊದಲು ಬೆಳೆದದ್ದು ಮೆದುಳೇ ಇರಬೇಕು ಎಂದು ಅಲ್ಲಿನ ಅನೇಕ ಪಂಡಿತರು ಮೊದಲೇ ನಂಬಿದ್ದರು. ಅವರು ಕಾಯುತ್ತಿದ್ದ ಸಾಕ್ಷ್ಯ ಅವರ ನೆಲದಲ್ಲಿಯೇ ಸಿಕ್ಕಂತಾಯಿತು.

ವಾಸ್ತವದಲ್ಲಿ ಬುರುಡೆ ಕೆಲವೇ ಶತಮಾನಗಳಷ್ಟು ಹಳೆಯ ಮನುಷ್ಯನದು, ದವಡೆ ಒರಾಂಗುಟಾನ್‌ನದು. ಎರಡಕ್ಕೂ ಹಳೆಯ ಕಂದು ಬಣ್ಣ ಬರಿಸಲಾಗಿತ್ತು. ದವಡೆಯಲ್ಲಿ ಉಳಿದಿದ್ದ ಎರಡು ಹಲ್ಲುಗಳನ್ನು, ಅಗಿದು ಸವೆದ ಮನುಷ್ಯನ ಹಲ್ಲಿನಂತೆ ಕಾಣಲೆಂದು ಅರದಿಂದ ಉಜ್ಜಲಾಗಿತ್ತು. ನಿಜವಾಗಿ ಸವೆದಿದ್ದರೆ ಪಕ್ಕಪಕ್ಕದ ಹಲ್ಲುಗಳು ಒಂದೇ ಮಟ್ಟದಲ್ಲಿ ಸವೆಯುತ್ತವೆ. ಇಲ್ಲಿ ಒಂದೊಂದು ಹಲ್ಲು ಒಂದೊಂದು ಕಡೆಗೆ ವಾಲಿದೆ, ಅಂಚುಗಳು ಇನ್ನೂ ಚೂಪಾಗಿವೆ, ಸೂಕ್ಷ್ಮದರ್ಶಕದಲ್ಲಿ ಅರದ ಗೀರುಗಳು ಕಾಣುತ್ತವೆ. ದವಡೆಯು ಬುರುಡೆಗೆ ಕೂಡಿಕೊಳ್ಳುವ ಕೀಲಿನ ತುದಿಯೇ ಮುರಿದುಹೋಗಿದ್ದರಿಂದ, ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೂಡಿಸಿ ನೋಡುವ ದಾರಿಯೂ ಮುಚ್ಚಿತ್ತು.

ಇಷ್ಟು ಒರಟಾದ ಕೆಲಸ ನಾಲ್ಕು ದಶಕ ಹೇಗೆ ಉಳಿಯಿತು? ಚಿತ್ರದ ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತಿರುವ ಬಾರ್ಲೋ ಅವರನ್ನು ಮಕ್ಕಳಿಗೆ ತೋರಿಸಿ. ಮ್ಯೂಸಿಯಂನಲ್ಲಿ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದವರು ಅವರು. ಮೂಲ ಮೂಳೆಗಳನ್ನು ಭದ್ರವಾಗಿ ಇರಿಸಲಾಗಿತ್ತು. ಹೊರಗಿನ ಬಹುಪಾಲು ವಿದ್ವಾಂಸರ ಕೈಗೆ ಸಿಗುತ್ತಿದ್ದದ್ದು ಅಚ್ಚುಗಳು ಮಾತ್ರ. ಅಚ್ಚು ಆಕಾರವನ್ನು ತೋರಿಸಬಲ್ಲದು. ತೆಳುವಾದ ಕಂದು ಬಣ್ಣದ ಕೆಳಗೆ ಹಲ್ಲು ಇನ್ನೂ ಬೆಳ್ಳಗಿದೆ ಎಂಬುದನ್ನು ಹೇಗೆ ತಾನೇ ತೋರಿಸೀತು? ಈ ಕಥೆಯಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಆ ಮೋಸಕ್ಕಿಂತ ಹೆಚ್ಚಾಗಿ ಈ ಬೀಗವೇ.

ಮೋಸ ಬಯಲಾದ ಬಗೆಯನ್ನು ಪಾವಗಡದವರಾದ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಳವೆಬಾವಿಯ ನೀರಿನ ಫ್ಲೋರೈಡ್ ಮೂಳೆಗೆ ಸೇರಿದರೆ ಏನಾಗುತ್ತದೆಂದು ನಿಮ್ಮ ಸೀಮೆ ಅನುಭವಿಸಿದೆ. ನೆಲದಲ್ಲಿ ಹುದುಗಿದ ಮೂಳೆಯೂ ಅಂತರ್ಜಲದಿಂದ ಫ್ಲೋರಿನ್ ಹೀರುತ್ತ ಹೋಗುತ್ತದೆ. ಒಂದೇ ಜಾಗದಲ್ಲಿ ಒಂದೇ ಕಾಲದಿಂದ ಬಿದ್ದಿದ್ದ ಮೂಳೆಗಳಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಸಮನಾಗಿರಬೇಕು. ಅದೇ ಮ್ಯೂಸಿಯಂನ ಕೆನೆತ್ ಓಕ್ಲಿ 1949ರಲ್ಲಿ ಪರೀಕ್ಷಿಸಿದಾಗ, ಪಿಲ್ಟ್‌ಡೌನ್ ಮೂಳೆಗಳು ಹೇಳಿಕೊಂಡಷ್ಟು ಹಳೆಯವಲ್ಲ ಎಂಬುದು ತಿಳಿಯಿತು. ಮಾನವಶಾಸ್ತ್ರಜ್ಞ ಜೋಸೆಫ್ ವೈನರ್ ಅವರ ಸಂಶಯದ ಮೇಲೆ ಇನ್ನೂ ಸೂಕ್ಷ್ಮವಾದ ವಿಧಾನದಿಂದ ಮತ್ತೆ ಅಳೆದಾಗ ಬುರುಡೆ ಬೇರೆ, ದವಡೆ ಬೇರೆ ಎಂಬುದು ಖಚಿತವಾಯಿತು. 1953ರ ನವೆಂಬರ್‌ನಲ್ಲಿ ವೈನರ್, ಓಕ್ಲಿ ಮತ್ತು ಅಂಗರಚನಾಶಾಸ್ತ್ರಜ್ಞ ಲ ಗ್ರೋಸ್ ಕ್ಲಾರ್ಕ್ ಇದನ್ನು ಪ್ರಕಟಿಸಿದರು. ಡಾಸನ್ 1916ರಲ್ಲೇ ತೀರಿಕೊಂಡಿದ್ದರು. ಸ್ಮಿತ್ ವುಡ್‌ವರ್ಡ್ ಕೊನೆಯವರೆಗೂ ನಂಬಿಯೇ 1944ರಲ್ಲಿ ಕಣ್ಮುಚ್ಚಿದರು. ಕೀತ್ ಮಾತ್ರ ಈ ಸುದ್ದಿ ಕೇಳಲು ಬದುಕಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಲ್ಲ ತುಣುಕುಗಳಲ್ಲೂ ಒಂದೇ ಕೈಚಳಕ ಕಾಣುವುದರಿಂದ ಡಾಸನ್ ಒಬ್ಬರೇ ಇದನ್ನು ಮಾಡಿರುವ ಸಂಭವ ಹೆಚ್ಚು ಎಂದಿದೆ.

ಇನ್ನು ನಿಮ್ಮ ಶಿಕ್ಷಕ ಮಿತ್ರರ ಅಂಜಿಕೆಯ ಮಾತು. ಆ ಬುರುಡೆ ವಿಕಾಸವಾದಕ್ಕೆ ಆಧಾರವಾಗಿರಲಿಲ್ಲ, ಅಡ್ಡಗಲ್ಲಾಗಿತ್ತು. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ಸಿಕ್ಕ ಮಗುವಿನ ಬುರುಡೆಯಲ್ಲಿ ಮೆದುಳು ವಾನರನಷ್ಟೇ ಚಿಕ್ಕದು, ಹಲ್ಲುಗಳು ಮನುಷ್ಯನವನ್ನು ಹೋಲುವಂಥವು. ಅಂದರೆ ಪಿಲ್ಟ್‌ಡೌನ್‌ಗೆ ತದ್ವಿರುದ್ಧ. ಅದು ನಮ್ಮ ಪೂರ್ವಜರ ಸಾಲಿನದೆಂದು ಅಲ್ಲಿನ ಅಂಗರಚನಾಶಾಸ್ತ್ರಜ್ಞ ರೇಮಂಡ್ ಡಾರ್ಟ್ 1925ರಲ್ಲಿ ಬರೆದಾಗ ಕೀತ್ ಮೊದಲಾದವರು ಒಪ್ಪಲಿಲ್ಲ. ಡಾರ್ಟ್ ಹೇಳಿದ್ದು ಸರಿ, ತಾವು ತಪ್ಪಿದೆವು ಎಂದು ಕೀತ್ 1947ರಲ್ಲಿ ಬಹಿರಂಗವಾಗಿ ಬರೆದರು, ಅದು ಅವರ ದೊಡ್ಡತನ. ಪಿಲ್ಟ್‌ಡೌನ್ ಬುರುಡೆಯನ್ನು ಪಕ್ಕಕ್ಕಿಟ್ಟ ಮೇಲೆಯೇ ಮನುಷ್ಯನ ವಂಶಾವಳಿ ಒಂದಕ್ಕೊಂದು ಹೊಂದಿಕೊಂಡಿತು.

ಆದ್ದರಿಂದ ಆ ಕಟ್ಟಿನ ಪಕ್ಕದಲ್ಲಿ ಟಾಂಗ್ ಮಗುವಿನ ಬುರುಡೆಯ ಚಿತ್ರವೊಂದನ್ನು ಅಂಟಿಸಿ. ಕೆಳಗೆ ಎಂಟು ಮಂದಿಯ ಹೆಸರು ಬರೆಸುವಾಗ ಒಂಬತ್ತನೆಯ ಹೆಸರೊಂದನ್ನೂ ಸೇರಿಸಿ: ಡೇವಿಡ್ ವಾಟರ್‌ಸ್ಟನ್. ಲಂಡನ್ನಿನ ಕಿಂಗ್ಸ್ ಕಾಲೇಜಿನ ಈ ಅಂಗರಚನಾಶಾಸ್ತ್ರಜ್ಞರು, ದವಡೆ ವಾನರನದು, ಬುರುಡೆ ಮನುಷ್ಯನದು ಎಂದು 1913ರಲ್ಲೇ ಬರೆದಿದ್ದರು. ಎರಡು ವರ್ಷಗಳ ಅನಂತರ ಬಂದ ಈ ಚಿತ್ರದ ಮೇಜಿನ ಬಳಿ ಅವರಿಲ್ಲ.